ಅಪ್ಪನ ನಾಲಿಗೆ

ಕೊಳ್ಳುವವರು ಬರುವ ದಿನ
ನಾನು ಚಪ್ಪಲಿ ಬಿಟ್ಟು ಕೂರುತ್ತೇನೆ.
ಮೇಜಿನ ಕೆಳಗೆ
ನನ್ನ ಹೆಬ್ಬೆರಳಿನ ಪಕ್ಕ ಅಪ್ಪನ ಹಿಮ್ಮಡಿ.
ಒಂದು ಸಲ ತಟ್ಟಿದರೆ: ಖಾರ ಹೆಚ್ಚಾಯಿತು, ಬಾಲದ ನೀರು ಬೆರೆಸು.
ಎರಡು ಸಲ: ಸಪ್ಪೆ, ತಲೆಯದನ್ನು ಇನ್ನಷ್ಟು ಸುರಿ.
ತಟ್ಟದೆ ಇದ್ದರೆ
ಸರಿಯಾಗಿದೆ.

ಮೂರು ಚಳಿಗಾಲದ ಹಿಂದೆ ಬಂದ ಜ್ವರ
ಹೋಗುವಾಗ ಅಪ್ಪನ ಮೂಗನ್ನೂ ಕಟ್ಟಿಕೊಂಡು ಹೋಯಿತು.
ಕಾಫಿ ಬರೀ ಬಿಸಿನೀರು, ಬೆಳ್ಳುಳ್ಳಿ ಬರೀ ಕಲ್ಲು.
ಹೆಂಚಿನ ಮೇಲೆ ಮೆಣಸಿನಕಾಯಿ ಸುಟ್ಟರೆ ಕೇರಿಯೆಲ್ಲ ಕೆಮ್ಮುತ್ತದೆ,
ಇವನು ಕಣ್ಣೊರೆಸಿಕೊಳ್ಳುತ್ತ ಕೇಳುತ್ತಾನೆ,
ಏನು, ಅಡುಗೆ ಶುರುವಾಯಿತೇ?
ಹೊರಗೆ ಯಾರಿಗೂ ಗೊತ್ತಿಲ್ಲ.
ಫ್ರೊಯ್ಲಾನ್ ಮಾವನಿಗೆ ಗೊತ್ತು, ಅವನ ಹೊಟ್ಟೆ ಬಾವಿ.
ಹೇಸರಗತ್ತೆ ಕನೇಲಾಗೆ ಗೊತ್ತು.
ಓದಿಲೋನನ ಭಟ್ಟಿ ಎಂದರೆ ಬೆಟ್ಟದಾಚೆಗೂ ಹೆಸರು.
ಆ ಹೆಸರಿಗೆ ಮೂಗಿಲ್ಲ ಎಂದು
ಯಾವ ಬಾಯಲ್ಲಿ ಹೇಳಲಿ?

ಇವತ್ತಿನದು ತೆಪೆಸ್ತಾತೆ.
ಹೊಲದಲ್ಲಿ ಸಾಲು ಹಿಡಿದು ನಿಲ್ಲುವ ಕತ್ತಾಳೆಯಲ್ಲ,
ಬಂಡೆಯ ಬಿರುಕಲ್ಲಿ ಅಡ್ಡಾದಿಡ್ಡಿ ಕೂತು
ಆಡಿಗೂ ಎಟುಕದ ಜಾತಿ.
ಅಮ್ಮ ಗುರುತಿಟ್ಟಾಗ ಅಂಗೈಯಗಲ ಇತ್ತಂತೆ,
ನಾನು ಅವಳ ಬೆನ್ನಿನ ಜೋಲಿಯಲ್ಲಿದ್ದೆನಂತೆ.
'ಇದು ಎವೋದಿಯಾಳ ಮದುವೆಗೆ' ಅಂದಳಂತೆ.
ಮದುವೆಯಾಯಿತು, ಮುರಿಯಿತು,
ಕತ್ತಾಳೆಗೆ ಅವಸರವಿರಲಿಲ್ಲ.
ಅಮ್ಮ ಹೋದಾಗಲೂ ಅದು ಇನ್ನೂ ಎಳೆಯದೇ.

ಈ ವರ್ಷ ಹೂಕಾಂಡ ತಲೆಯೆತ್ತುವ ಮುಂಚೆ
ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವಳು ನಾನೇ.
ಅದನ್ನೂ, ಅದರ ಓರಗೆಯ ಹನ್ನೊಂದನ್ನೂ ಕಡಿದು ತಂದೆ.
ಎಲೆ ಸವರಿದ ಗಡ್ಡೆಗಳು
ಕುಣಿಯೊಳಗೆ, ಕಾದ ಕಲ್ಲುಗಳ ಮೇಲೆ,
ನಾಲ್ಕು ರಾತ್ರಿ ಮಣ್ಣು ಹೊದ್ದು ಮಲಗಿದವು.
ಕನೇಲಾ ಕಲ್ಲುಗಾಲಿ ಎಳೆಯುತ್ತ
ಸುತ್ತಿದಲ್ಲೇ ಸುತ್ತಿದಳು.
ಮರದ ತೊಟ್ಟಿಯಲ್ಲಿ ಹುಳಿಯೇಳುವಾಗ
ಅಪ್ಪ ಹಲಗೆಗೆ ಕಿವಿಯೊತ್ತಿ ಕೂತ.
'ಇನ್ನೂ ಜಗಳವಾಡುತ್ತಿದೆ' ಅಂದ.
ಎರಡು ದಿನ ಬಿಟ್ಟು: 'ಗೊಣಗುತ್ತಿದೆ.'
ಆರನೆಯ ಬೆಳಿಗ್ಗೆ: 'ಮಾತು ಬಿಟ್ಟಿದೆ. ಒಲೆ ಹಚ್ಚು.'

ವಹಾಕ ಪೇಟೆಯ ಲಿಯೋಬಾರ್ದೊ
ನೋಟುಪುಸ್ತಕ ತೆರೆದಿಟ್ಟು ಕೂತಿದ್ದಾನೆ.
ಅಪ್ಪ ಜೊಂಡಿನ ಕೊಳವೆಯಲ್ಲಿ ಹೀರಿ
ಬುರುಡೆಬಟ್ಟಲಿಗೆ ಚಿಮ್ಮಿಸಿದ.
ಮುತ್ತುಗಳೆದ್ದವು, ಅಂಚಿಗೆ ಸರಿದವು,
ಒಂದರ ಕೈ ಒಂದು ಹಿಡಿದು ನಿಂತವು.
ಮುತ್ತು ಸುಳ್ಳಾಡುವುದಿಲ್ಲ.
ಖಾರ ಎಷ್ಟೆಂದು ಹೇಳುತ್ತದೆ,
ಒಳಗೆ ಯಾರಿದ್ದಾರೆಂದು ಹೇಳುವುದಿಲ್ಲ.

ನೆಲಕ್ಕೆ ಮೂರು ಹನಿ, ಮಣ್ಣಿನಡಿ ಇರುವವರಿಗೆ.
ಆಮೇಲೆ ಬಟ್ಟಲು ನನಗೆ.
ಗುಟುಕಲ್ಲ, ತುಟಿ ಒದ್ದೆಯಾಗುವಷ್ಟು.
ಮೊದಲು ಏನೂ ಇಲ್ಲ.
ಆಮೇಲೆ ಹಸಿ ಕಡ್ಡಿ ಲಟಕ್ಕನೆ ಮುರಿದ ಹಾಗೆ
ನಾಲಿಗೆಯ ಪಕ್ಕದಲ್ಲಿ.
ಆಮೇಲೆ ಬಾವಿಹಗ್ಗದ ತಂಪು.
ಆಮೇಲೆ
ಕಾಲು ಏನು ಮಾಡಬೇಕಿತ್ತು ಎಂಬುದೇ ಮರೆತುಹೋಯಿತು.

ಅಪ್ಪ ಕಾದ.
ಇಷ್ಟು ಹೊತ್ತು ಸುಮ್ಮನಿರುವುದಕ್ಕೆ
ನಮ್ಮಿಬ್ಬರ ನಡುವೆ ಗುರುತಿರಲಿಲ್ಲ.
ಪೇಟೆಯವನಿಗೆ ತಿಳಿಯದ ನಮ್ಮ ಸಾಪೊತೆಕ್ ಮಾತಿನಲ್ಲಿ
'ಹೇಗಿದೆ?' ಎಂದ.
ಮೂರು ವರ್ಷದಲ್ಲಿ ಕೇಳಿದ್ದೆಲ್ಲ 'ಸರಿಯೇ?' ಎಂದಷ್ಟೇ.

'ಅಮ್ಮ ಹಳ್ಳದಲ್ಲಿ ತಲೆ ತೊಳೆದು ಬಂದು
ಒಲೆಯ ಮುಂದೆ ಕೂದಲು ಹರಡಿಕೊಳ್ಳುತ್ತಿದ್ದಳಲ್ಲ,
ಹಾಗೆ.'
'ಒದ್ದೆಯಿದ್ದಾಗಲೋ, ಒಣಗಿದ ಮೇಲೋ?'
'ಅರ್ಧ ಒಣಗಿದಾಗ.'
ತಲೆಯಾಡಿಸಿದ,
ಲೆಕ್ಕ ತಾಳೆಬಿದ್ದವನ ಹಾಗೆ.

'ಏನಂತೆ?' ಎಂದ ಪೇಟೆಯವ.
'ನಲವತ್ತೊಂಬತ್ತು ಡಿಗ್ರಿ' ಎಂದ ಅಪ್ಪ.

ಅವನೂ ಕುಡಿದ, ಕಣ್ಣುಮುಚ್ಚಿದ, ಏನೋ ಬರೆದುಕೊಂಡ.
ನಲವತ್ತು ಲೀಟರಿನಲ್ಲಿ ಮೂವತ್ತೆರಡು ಜೀಪು ಹತ್ತಿತು.
ಉಳಿದ ಎಂಟಕ್ಕೆ ಬೆಲೆ ಏರಿಸುತ್ತ ಹೋದ,
ಅಪ್ಪ ಕಿವಿಯೂ ಕೇಳದವನ ಹಾಗೆ ನಿಂತ.
ಧೂಳು ಇಳಿದ ಮೇಲೆ ಕೇಳಿದ:
'ಏನು ಬರೆದ?'
'ಹೊಗೆ.'
'ಅದು ನಮ್ಮ ಅಂಗಿಯದಲ್ಲವೇನೇ?'

ಬಟ್ಟಲು ತೊಳೆದ ನೀರು ಕನೇಲಾಗೆ ಹಿಡಿದೆ.
ಮೂಸಿದಳು. ಹಿಂದೆ ಸರಿದಳು. ಜೋರಾಗಿ ಸೀನಿದಳು.
ಅಪ್ಪ ಅವಳ ಮೂಗನ್ನೇ ನೋಡುತ್ತಿದ್ದ
ಹೊಟ್ಟೆಕಿಚ್ಚಿನಿಂದ.